ಗೈರುಹಾಜರಿಗೂ ರಂಗೋಲಿ ಸ್ಪರ್ಧೆಗೂ ಒಂದೇ ಸದ್ದು: ಶಾಲಾ ಆ್ಯಪ್, ಎರಡು ವರ್ಷದ ಬಳಕೆಯ ನಂತರ

ಉಡುಪಿ ಕಡೆಯ ಖಾಸಗಿ ಶಾಲೆಯೊಂದು ಪೋಷಕರಿಗೆ ಕೊಟ್ಟ ಆ್ಯಪ್ ಇದು. ಆರನೇ ಮತ್ತು ಏಳನೇ ತರಗತಿ ಪೂರ್ತಿ ಬಳಸಿಯಾಗಿದೆ. ಹೆಸರು ಬರೆಯುತ್ತಿಲ್ಲ. ಈ ಬಗೆಯ ಆ್ಯಪ್‌ಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು, ಮೇಲಿನ ಲೋಗೋ ಮಾತ್ರ ಶಾಲೆಗೊಂದು. ಇಲ್ಲಿ ಹೇಳಿದ್ದು ನಿಮ್ಮ ಶಾಲೆಯ ಆ್ಯಪ್‌ಗೂ ಹೊಂದೀತು. ಶುಲ್ಕ, ಅಂಕಪಟ್ಟಿ, ಟೈಮ್‌ಟೇಬಲ್ ಎಲ್ಲ ಇದೆ. ಅದನ್ನು ಶಾಲೆಯವರೇ ಜೂನ್ ತಿಂಗಳ ಸಭೆಯಲ್ಲಿ ತೋರಿಸುತ್ತಾರೆ, ಇಲ್ಲಿ ಮತ್ತೆ ಬೇಡ.

ಮೊದಲು ಬಸ್ಸು. ಈ ಆ್ಯಪ್‌ನಲ್ಲಿ ದಿನಾ ತೆರೆಯುವುದು ಅದೊಂದನ್ನೇ, ಮನಸ್ಸಿಗೆ ಹತ್ತಿರವಾಗಿರುವುದೂ ಅದೇ. ಬೆಳಗ್ಗೆ ಜಡೆಗೆ ರಿಬ್ಬನ್ ಕಟ್ಟುವ ಹೊತ್ತಿಗೆ ಮ್ಯಾಪ್ ತೆರೆದಿಟ್ಟರೆ ಹಳದಿ ಬಸ್ಸಿನ ಗುರುತು ಹಿಂದಿನ ಸ್ಟಾಪಿನಲ್ಲಿ ನಿಂತಿರುತ್ತದೆ. ಅದು ಅಲ್ಲಿಂದ ಕದಲಿದರೆ ಶೂ ಹಾಕಬೇಕು, ತಿರುವು ದಾಟಿದರೆ ಕೊಡೆ ಬಿಚ್ಚಿ ಗೇಟಿಗೆ ಬರಬೇಕು. ಆಟಿ ತಿಂಗಳ ಮಳೆಯಲ್ಲಿ ರಸ್ತೆ ಬದಿ ಹದಿನೈದು ನಿಮಿಷ ನೆನೆಯುವುದು ತಪ್ಪಿದ್ದೇ ಇದರ ದೊಡ್ಡ ಉಪಕಾರ. ಪುಸ್ತಕದ ಚೀಲ ಒಣಗಿರುತ್ತದೆ, ಸಾಕ್ಸ್ ಒಣಗಿರುತ್ತದೆ.

ಬಸ್ ಹತ್ತಿರ ಬಂದಾಗ ಎಚ್ಚರಿಸುವ ಅಲರ್ಟ್ ಇಡುವಾಗ ಎರಡು ಆಯ್ಕೆ ಬರುತ್ತವೆ: ದೂರ ಅಥವಾ ಸ್ಟಾಪ್. ದೂರ ಇಡಬೇಡಿ. ಆ್ಯಪ್ ಲೆಕ್ಕ ಹಾಕುವುದು ರಸ್ತೆಯ ದೂರವನ್ನಲ್ಲ, ಕಾಗೆ ಹಾರಿದಷ್ಟು ನೇರ ದೂರವನ್ನು. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದವರಿಗೆ ಇದು ದಿನಾ ಕೈಕೊಡುತ್ತದೆ. ಬಸ್ಸು ಎದುರು ಬದಿಯ ರಸ್ತೆಯಲ್ಲಿ ಹೋಗುವಾಗಲೇ 'ಬಂತು' ಎನ್ನುತ್ತದೆ, ಅದು ಮುಂದೆ ಹೋಗಿ ಯೂಟರ್ನ್ ಹೊಡೆದು ಬರುವುದು ಬಾಕಿ ಇರುತ್ತದೆ. ಹೊಳೆ ಅಡ್ಡ ಇರುವ ಊರುಗಳಲ್ಲೂ ಇದೇ ಪಾಡು. ನಿಮ್ಮ ಹಿಂದಿನ ಸ್ಟಾಪನ್ನೇ ಆರಿಸಿ 'ಇಲ್ಲಿಂದ ಹೊರಟಾಗ ತಿಳಿಸಿ' ಎಂದಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಬಸ್ಸಿನ ಗುರುತು ಅಲುಗದೆ ನಿಂತರೆ ಗಾಬರಿಯಾಗುವ ಮೊದಲು ಅದರ ಕೆಳಗಿನ ಸಣ್ಣ ಅಕ್ಷರದ 'ಕೊನೆಯ ಅಪ್‌ಡೇಟ್' ಸಮಯ ನೋಡಿ. ಬಸ್ಸಿನಲ್ಲಿರುವ ಟ್ರ್ಯಾಕರ್ ಸಿಮ್‌ನಿಂದ ನಡೆಯುವಂಥದ್ದು. ನೆಟ್‌ವರ್ಕ್ ಇಲ್ಲದ ತಗ್ಗಿನಲ್ಲಿ ಅದು ತಾನಿದ್ದ ಜಾಗಗಳನ್ನು ಒಳಗೇ ಕೂಡಿಟ್ಟುಕೊಂಡು, ಸಿಗ್ನಲ್ ಸಿಕ್ಕ ಕೂಡಲೇ ಒಟ್ಟಿಗೆ ಕಳಿಸುತ್ತದೆ. ಆಗ ಬಸ್ಸು ಮ್ಯಾಪಿನಲ್ಲಿ ಒಮ್ಮೆಲೇ ಎರಡು ಕಿಲೋಮೀಟರ್ ಜಿಗಿದಂತೆ ಕಾಣುತ್ತದೆ. ಸಮಯ ಹತ್ತು ನಿಮಿಷಕ್ಕಿಂತ ಹಳೆಯದಾಗಿದ್ದರೆ ಮ್ಯಾಪ್ ನಂಬಬೇಡಿ, ಆಯಾ ಅವರಿಗೆ ಫೋನ್ ಮಾಡಿ. ಡ್ರೈವರ್‌ಗೆ ಬೇಡ, ಅವರ ಕೈಯಲ್ಲಿ ಸ್ಟೇರಿಂಗ್ ಇರುತ್ತದೆ.

ಸಂಜೆ ಮಗು ಬಸ್ ಹತ್ತುವಾಗ ಕುತ್ತಿಗೆಯ ಕಾರ್ಡ್ ಮುಟ್ಟಿಸಿದರೆ ಮನೆಯ ಫೋನಿನಲ್ಲಿ ಹಸಿರು ಟಿಕ್ ಬೀಳುತ್ತದೆ. ಬೀಳದಿದ್ದರೆ ಬಹುತೇಕ ಸಲ ಕಾರಣ ಒಂದೇ: ಆ ಪ್ಲಾಸ್ಟಿಕ್ ಕವರಿನೊಳಗೆ ಲೈಬ್ರರಿ ಕಾರ್ಡೂ ಇರುತ್ತದೆ. ಎರಡು ಚಿಪ್ ಒಟ್ಟಿಗೆ ಸಿಕ್ಕರೆ ಯಂತ್ರ ಎರಡನ್ನೂ ಓದದೆ ಬಿಡಬಹುದು. ಬೇರೆ ಬೇರೆ ಕವರಿನಲ್ಲಿ ಹಾಕಿದರೆ ಸಮಸ್ಯೆ ಮುಗಿಯಿತು.

ಇಷ್ಟೇ ಆಗಿದ್ದರೆ ಐದು ನಕ್ಷತ್ರ ಕೊಡಬಹುದಿತ್ತು. ಈಗ ಅಸಲು ವಿಷಯ.

ಮಕ್ಕಳು ಆರನೇ ತರಗತಿಗೆ ಬರುವಾಗ ಒಂದು ಬದಲಾವಣೆ ಆಗುತ್ತದೆ. ಅಲ್ಲಿಯವರೆಗೆ ಯಾರಾದರೂ ಕೈಹಿಡಿದು ಬಿಟ್ಟು ಬರುತ್ತಾರೆ. ಈ ವಯಸ್ಸಿಗೆ ಸೈಕಲ್ಲಿನಲ್ಲಿ, ಸರ್ವಿಸ್ ಬಸ್ಸಿನಲ್ಲಿ, ಗೆಳೆಯರ ಜೊತೆ ನಡೆದು ಹೋಗುವುದು ಶುರುವಾಗುತ್ತದೆ. ಮಗು ಮನೆಯಿಂದ ಹೊರಟು ಶಾಲೆ ತಲುಪದಿದ್ದರೆ, ಶಾಲೆಯಲ್ಲಿದೆ ಎಂದು ಮನೆಯವರು ಅಂದುಕೊಂಡಿರುತ್ತಾರೆ, ಮನೆಯಲ್ಲಿದೆ ಎಂದು ಶಾಲೆಯವರು ಅಂದುಕೊಂಡಿರುತ್ತಾರೆ. ಇದನ್ನು ಬಿಡಿಸಬಲ್ಲದ್ದು ಗೈರುಹಾಜರಿ ಸಂದೇಶ ಒಂದೇ. 9.30ಕ್ಕೆ ತರಗತಿ ಶುರುವಾದರೆ ಅದು 10 ಗಂಟೆಯೊಳಗೆ ತಲುಪಬೇಕು. ಮಧ್ಯಾಹ್ನ ಒಂದು ಗಂಟೆಗೆ ಬಂದರೆ ಬಂದಿದ್ದಕ್ಕೆ ಅರ್ಥವೇ ಇಲ್ಲ.

ಈ ಆ್ಯಪ್ ಆ ಸಂದೇಶವನ್ನು ರಂಗೋಲಿ ಸ್ಪರ್ಧೆ, ಶುಲ್ಕದ ನೆನಪು, ಪ್ರತಿಭಾ ಕಾರಂಜಿಯ ಫೋಟೊ ಇವುಗಳ ಸಾಲಿನಲ್ಲೇ, ಅದೇ 'ಟಿಂಗ್' ಸದ್ದಿನೊಂದಿಗೆ ಕಳಿಸುತ್ತದೆ. ದಿನಕ್ಕೆ ಆರೇಳು ಟಿಂಗ್ ಕೇಳಿ ಕಿವಿ ಒಗ್ಗಿಹೋದ ಮೇಲೆ ಯಾವ ತಾಯಿಯೂ ಕೆಲಸದ ನಡುವೆ ಫೋನ್ ತೆಗೆದು ನೋಡುವುದಿಲ್ಲ. ಇದು ಅಸಡ್ಡೆಯಲ್ಲ, ಆ ಸದ್ದೇ ಕಲಿಸಿದ ಪಾಠ.

ಇದನ್ನು ಸರಿಪಡಿಸುವುದು ಆ್ಯಪ್ ಮಾಡಿದವರಿಗೆ ದೊಡ್ಡ ಕೆಲಸವೇನಲ್ಲ, ಸಿಟ್ಟು ಬರುವುದು ಅದಕ್ಕೇ. ಆಂಡ್ರಾಯ್ಡ್ 8 ಬಂದ 2017ರಿಂದಲೇ ಒಂದು ಆ್ಯಪ್‌ನ ನೋಟಿಫಿಕೇಶನ್‌ಗಳನ್ನು ವಿಭಾಗ ಮಾಡಿ, ಒಂದೊಂದಕ್ಕೂ ಬೇರೆ ಸದ್ದು ಕೊಡಲು ಅವಕಾಶವಿದೆ. ನಿಮ್ಮ ಆ್ಯಪ್‌ನಲ್ಲಿ ಹೇಗಿದೆ ಎಂದು ನೋಡಲು ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಲ್ಲಿ ಶಾಲೆಯ ಆ್ಯಪ್, ಅದರೊಳಗೆ ನೋಟಿಫಿಕೇಶನ್ಸ್ ತೆರೆಯಿರಿ. 'ಹಾಜರಿ', 'ಬಸ್', 'ಸೂಚನೆ' ಎಂದು ಬೇರೆ ಬೇರೆ ಸಾಲು ಕಂಡರೆ ಹಾಜರಿಗೆ ಮಾತ್ರ ಜೋರು ರಿಂಗ್‌ಟೋನ್ ಇಡಿ. 'ಜನರಲ್' ಎಂಬ ಒಂದೇ ಸಾಲಿದ್ದರೆ ನಿಮ್ಮದೂ ಇದೇ ಜಾತಿಯದು.

ತಡವಾಗುವುದಕ್ಕೆ ಇನ್ನೊಂದು ಕಾರಣ ಫೋನಿನದು. ಬ್ಯಾಟರಿ ಉಳಿಸಲು ಫೋನ್ ನಿದ್ದೆಗೆ ಜಾರಿದಾಗ ಸಾಧಾರಣ ದರ್ಜೆಯ ಸಂದೇಶಗಳನ್ನು ತಡೆದಿಟ್ಟು ಆಮೇಲೆ ಒಟ್ಟಿಗೆ ಕೊಡುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಈ ಕಾಟ ಜಾಸ್ತಿ. ಅದೇ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್ ತೆರೆದು 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ, 'ಆಟೋಸ್ಟಾರ್ಟ್' ಇದ್ದರೆ ಆನ್ ಮಾಡಿ. ಆಂಡ್ರಾಯ್ಡ್ 13ರಿಂದ ಈಚಿನ ಫೋನ್‌ಗಳಲ್ಲಿ ಆ್ಯಪ್ ಹಾಕಿದಾಗ ನೋಟಿಫಿಕೇಶನ್‌ಗೆ ಅನುಮತಿ ಕೇಳುತ್ತದೆ. ಗಡಿಬಿಡಿಯಲ್ಲಿ 'ಬೇಡ' ಒತ್ತಿದವರಿಗೆ ವರ್ಷವಿಡೀ ಒಂದು ಸಂದೇಶವೂ ಬರುವುದಿಲ್ಲ.

ತಪ್ಪು ಯಾರದೆಂದು ತಿಳಿಯಲು ಮದುವೆಗೋ ಜಾತ್ರೆಗೋ ರಜೆ ಹಾಕಿದ ದಿನ ಸಾಕು. ರಜೆ ಚೀಟಿ ಕೊಟ್ಟಿದ್ದರೂ ಆ ದಿನ ಗೈರು ಸಂದೇಶ ಬರುತ್ತದೆ. ಟೀಚರ್ ಹಾಜರಿ ಹಾಕಿದ ಸಮಯ ಆ್ಯಪ್ ಒಳಗೆ ಕಾಣುತ್ತದೆ, ಫೋನ್ ಸದ್ದು ಮಾಡಿದ ಸಮಯ ನಿಮಗೆ ಗೊತ್ತು. ಹಾಜರಿ 9.45ಕ್ಕೆ ಬಿದ್ದು ಸದ್ದು 12ಕ್ಕೆ ಬಂದರೆ ದೋಷ ಫೋನಿನದೋ ಆ್ಯಪ್‌ನದೋ. ಹಾಜರಿಯೇ 12ಕ್ಕೆ ಬಿದ್ದಿದ್ದರೆ ಟೀಚರ್ ಬೆಳಗ್ಗೆ ರಿಜಿಸ್ಟರಿನಲ್ಲಿ ಬರೆದು, ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಆ್ಯಪ್‌ಗೆ ಏರಿಸುತ್ತಿದ್ದಾರೆ ಎಂದರ್ಥ. ತರಗತಿಯೊಳಗೆ ನೆಟ್‌ವರ್ಕ್ ಸಿಗದ ಶಾಲೆಗಳಲ್ಲಿ ಇದು ಸಾಮಾನ್ಯ. ಟೀಚರನ್ನು ದೂರಿ ಪ್ರಯೋಜನವಿಲ್ಲ. ಮೊದಲ ಪೀರಿಯಡ್‌ನಲ್ಲೇ ಗೈರಾದವರ ಚೀಟಿ ಆಫೀಸಿಗೆ ಹೋಗಿ, ಅಲ್ಲಿಂದ ಏರಿಸುವಂತೆ ಹೆಡ್‌ಮಿಸ್ ಹತ್ತಿರ ಕೇಳಿ.

ಇಂಟರ್‌ನೆಟ್ ಇಲ್ಲದವರಿಗೆ ಎಸ್ಸೆಮ್ಮೆಸ್ ಹೋಗುತ್ತದೆ, ಇಂಗ್ಲಿಷಿನಲ್ಲಿ. ಇದು ನನಗೆ ತೀರಾ ಬೇಸರದ ವಿಷಯ. ಮಧ್ಯಾಹ್ನ ಮನೆಯಲ್ಲಿ ಫೋನ್ ಹಿಡಿದಿರುವವರು ಅಜ್ಜಿ. ಕನ್ನಡದಲ್ಲಿ ಯಾಕಿಲ್ಲ ಎಂದರೆ ಖರ್ಚು ಎನ್ನುತ್ತಾರೆ, ಅದರಲ್ಲಿ ಹುರುಳೂ ಇದೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದೂ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕವಲ್ಲ. 'ವಿದ್ಯಾರ್ಥಿ' ನಮಗೆ ಮೂರಕ್ಷರ, ಕಂಪ್ಯೂಟರಿಗೆ ಗುಣಿತ, ಒತ್ತು, ಅರ್ಕಾವತ್ತು ಎಲ್ಲ ಬಿಡಿಸಿ ಹತ್ತು. 70 ಮೀರಿದರೆ ಎರಡು ಎಸ್ಸೆಮ್ಮೆಸ್‌ನ ದುಡ್ಡು.

ಆದರೆ ಹೇಳಬೇಕಾದ್ದು ಅಷ್ಟು ಉದ್ದವಿಲ್ಲ. 'ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ. ಕೂಡಲೇ ಕಚೇರಿಗೆ ಕರೆ ಮಾಡಿ.' ಎಣಿಸಿದರೆ 54. ಹೆಸರಿಗೆ ಇನ್ನೂ 16 ಉಳಿಯಿತು. 'ಪ್ರಿಯ ಪೋಷಕರೇ' ಎಂಬುದನ್ನೂ ಶಾಲೆಯ ಪೂರ್ತಿ ಹೆಸರನ್ನೂ ಬಿಟ್ಟರೆ ಒಂದೇ ಎಸ್ಸೆಮ್ಮೆಸ್‌ನಲ್ಲಿ ಮುಗಿಯುತ್ತದೆ. ಶಾಲೆಗಳು ಕಳಿಸುವ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕು ಎಂಬ ನಿಯಮವಿದೆ, ಹಾಗಾಗಿ ಜೂನ್‌ಗೆ ಮೊದಲೇ ಕೇಳಬೇಕು.

ಕರಾವಳಿಯವರಿಗೆ ಇನ್ನೊಂದು ಮಾತು. ಅಪ್ಪ ದುಬೈಯಲ್ಲಿದ್ದು ಅವರ ಅಲ್ಲಿಯ ನಂಬರನ್ನೇ ಮುಖ್ಯ ನಂಬರಾಗಿ ಕೊಟ್ಟಿದ್ದರೆ ಎಸ್ಸೆಮ್ಮೆಸ್ ಹೋಗುವುದಿಲ್ಲ. ಆ ವ್ಯವಸ್ಥೆ ಇಲ್ಲಿಯ ಹತ್ತಂಕಿಯ ನಂಬರಿಗೆ ಮಾತ್ರ. ಮುಖ್ಯ ನಂಬರ್ ಮನೆಯಲ್ಲಿರುವವರದ್ದಿರಲಿ, ಅಪ್ಪ ಆ್ಯಪ್‌ನಲ್ಲಿ ನೋಡಲಿ.

ಇಷ್ಟೆಲ್ಲ ಸಿಟ್ಟಿದ್ದರೂ ಆ್ಯಪ್ ತೆಗೆದುಹಾಕಲು ಮನಸ್ಸು ಬಾರದ್ದು ಮಳೆಗಾಲದಿಂದಾಗಿ. ಜುಲೈ ಬಂತೆಂದರೆ ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಎಲ್ಲರದೂ ಒಂದೇ ಪ್ರಶ್ನೆ: ಡಿಸಿ ರಜೆ ಕೊಟ್ಟರಾ? ಹಳೆಯ ಆದೇಶದ ದಿನಾಂಕ ತಿದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವವರಿದ್ದಾರೆ. ಅಂಥದ್ದು ಬಂದರೆ ದಿನಾಂಕಕ್ಕೂ ವಾರಕ್ಕೂ ಹೊಂದುತ್ತದೆಯೇ ನೋಡಿ, ಆದೇಶ ಇಡೀ ಜಿಲ್ಲೆಗೋ ಕೆಲವು ತಾಲ್ಲೂಕಿಗೋ, ಪಿಯುಸಿವರೆಗೋ ಅಂಗನವಾಡಿಗೆ ಮಾತ್ರವೋ ಓದಿ. ಆ್ಯಪ್‌ನಲ್ಲಿ ಶಾಲೆಯದೇ ಸೂಚನೆ ಬರುವುದರಿಂದ ಈ ತಲೆನೋವಿಲ್ಲ.

ಮಳೆ ಜೋರಾಗಿ ಮಧ್ಯಾಹ್ನವೇ ಶಾಲೆ ಬಿಡುವ ದಿನದ ವ್ಯವಸ್ಥೆಯಂತೂ ನಿಜಕ್ಕೂ ಚೆನ್ನಾಗಿದೆ. ಸೂಚನೆಯ ಕೆಳಗೆ ಎರಡು ಗುಂಡಿ: 'ನಾವೇ ಬಂದು ಕರೆದೊಯ್ಯುತ್ತೇವೆ', 'ಬಸ್ಸಿನಲ್ಲೇ ಕಳಿಸಿ'. ಎರಡರಲ್ಲಿ ಒಂದನ್ನು ಒತ್ತುವವರೆಗೆ ಮಗುವನ್ನು ಬಿಡುವುದಿಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಬಾರದ ಮನೆಗಳಿಗೆ ಆಫೀಸಿನಿಂದಲೇ ಫೋನ್ ಹೋಗುತ್ತದೆ. ಅದೇ ಗುಂಡಿಯನ್ನು ಗೈರು ಸಂದೇಶದ ಕೆಳಗೂ ಇಟ್ಟಿದ್ದರೆ ಆಗುತ್ತಿತ್ತು: 'ಗೊತ್ತಿದೆ, ಮನೆಯಲ್ಲಿದ್ದಾನೆ' ಅಥವಾ 'ಶಾಲೆಗೆ ಹೊರಟಿದ್ದಾನೆ!'. ಬೇಕಾದ್ದೆಲ್ಲ ಆ್ಯಪ್‌ನೊಳಗೇ ಇದೆ, ಬೇಕಾದ ಜಾಗದಲ್ಲಿಲ್ಲ.

'ದೂರು' ಎಂಬ ಪೆಟ್ಟಿಗೆಯೂ ಇದೆ. ಅಲ್ಲಿ ಬರೆದದ್ದು ನೇರ ಕ್ಲಾಸ್ ಟೀಚರ್‌ಗೆ ಹೋಗುತ್ತದೆ. ಡೆಸ್ಕ್ ಮುರಿದಿದೆ ಎನ್ನಲು ಅದು ಸಾಕು. ಮಗುವಿನ ಮೈಮೇಲೆ ಕೈಮಾಡಿದ, ಅಸಭ್ಯವಾಗಿ ಮುಟ್ಟಿದ ವಿಷಯಕ್ಕೆ ಅದನ್ನು ಬಳಸಲೇಬೇಡಿ, ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಹಾಕಬೇಡಿ. 1098ಕ್ಕೆ ಅಥವಾ ಪೊಲೀಸರಿಗೆ ಹೇಳಿ. 2012ರ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಗುರುತು ಬಯಲಾಗದಂತೆ ಕಾಪಾಡುವ ನಿಯಮವಿದೆ. ಹೆಸರು, ತರಗತಿ, ಫೋಟೊ ಒಂದು ಸಲ ಗುಂಪಿಗೆ ಬಿದ್ದರೆ ಹಿಂದಕ್ಕೆ ಬರುವುದಿಲ್ಲ.

ಶುಲ್ಕದ ಜೊತೆ ವರ್ಷಕ್ಕೆ 600 ರೂಪಾಯಿ ಸೇರಿಸುತ್ತಾರೆ. ಬಸ್ಸಿನ ಮಕ್ಕಳಿಗೆ ಅದು ದುಬಾರಿಯಲ್ಲ. ಸೈಕಲ್ಲಿನಲ್ಲಿ ಹೋಗುವ ಮಗುವಿನ ಮನೆಯವರಿಗೆ ಆ ದುಡ್ಡಿಗೆ ಸಿಗಬೇಕಾದ್ದು ಗೈರು ಸಂದೇಶ ಒಂದೇ, ಅದೇ ಸೋರುತ್ತಿದೆ. ಹಾಗಾಗಿ ಬಸ್ಸಿಗೆ ನಾಲ್ಕು, ಮಳೆ ರಜೆಗೆ ಐದು, ಹಾಜರಿಗೆ ಒಂದು ನಕ್ಷತ್ರ. ಬರುವ ಜೂನ್ ಸಭೆಗೆ ಹೋಗುವಾಗ ರಜೆಯ ದಿನದ ಆ ಎರಡು ಸಮಯಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾಲ್ಕೈದು ಮನೆಯವರ ಚೀಟಿ ಒಟ್ಟಿಗೆ ಮೇಜಿನ ಮೇಲೆ ಬಿದ್ದರೆ ಆಫೀಸಿನವರು ಆ್ಯಪ್ ಕಂಪನಿಗೆ ಅಲ್ಲಿಂದಲೇ ಫೋನ್ ಮಾಡುತ್ತಾರೆ.