ಸರಸ್ವತಿಪುರಂನ ಹೊಸ ಹೋಟ್ಲು: ದೋಸೆ ಸರಿ ಇತ್ತು, ಗೋಡೆ ಮೇಲಿನ ಇಸವಿ ತಪ್ಪಿತ್ತು

ಮೊದ್ಲೇ ಹೇಳ್ಬಿಡ್ತೀನಿ, ಈ ಹೋಟ್ಲಿಗೆ ಇನ್ನೂ ಬೋರ್ಡ್ ಇಲ್ಲ. ಗೇಟಿಗೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ, ಅದ್ರಲ್ಲಿ "ತಿಂಡಿ, ಊಟ, ಕಾಫಿ" ಅಂತಷ್ಟೇ ಇದೆ. ಬೋರ್ಡ್ ಬರೆಯೋಕೆ ಕೊಟ್ಟಿದೀವಿ, ಪೇಂಟರ್ ಇವತ್ತು ನಾಳೆ ಅಂತಿದಾನೆ ಅಂದ್ರು ಗಲ್ಲಾದಲ್ಲಿ ಕೂತಿದ್ದ ಅಕ್ಕ. ಮೈಸೂರಿನ ಕುಕ್ಕರಹಳ್ಳಿ ಕೆರೇಲಿ ವಾಕಿಂಗ್ ಮುಗಿಸ್ಕೊಂಡು ಸರಸ್ವತಿಪುರಂ ಒಳಗೆ ಬರೋರಿಗೆ ಹುಡುಕೋದು ಕಷ್ಟ ಏನಿಲ್ಲ, ಮುಂದೆ ಸಂಪಿಗೆ ಮರ ಇರೋ ಹಳೇ ಹೆಂಚಿನ ಮನೆ, ಕಾಂಪೌಂಡ್ ಪಕ್ಕ ಜೆರಾಕ್ಸ್ ಅಂಗಡಿ, ಬೆಳಗ್ಗೆ ಏಳೂವರೆಗೇ ಹೊರಗೆ ನಾಲ್ಕೈದು ಗಾಡಿ ನಿಂತಿರುತ್ತೆ. ಒಂದು ತಿಂಗಳಲ್ಲಿ ನಾಲ್ಕು ಸಲ ಹೋಗಿದೀನಿ, ಎರಡು ಸಲ ಬೆಳಗ್ಗೆ, ಒಂದ್ಸಲ ಮಧ್ಯಾಹ್ನ ಊಟಕ್ಕೆ, ಒಂದ್ಸಲ ಸಂಜೆ, ಆಮೇಲೇನೇ ಇದನ್ನ ಬರೀತಿರೋದು.

ನಾನು ಗಂಗೋತ್ರಿಲಿ, ಅಂದ್ರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿ, ಎಂಎ ಮಾಡಿದ್ದು 1999ರಲ್ಲಿ ಸೇರ್ಕೊಂಡು. ಹಾಸ್ಟೆಲ್ ಸೀಟ್ ಮೊದಲ ವರ್ಷ ಸಿಗ್ಲಿಲ್ಲ, ಹಾಗಾಗಿ ಇದೇ ಬಡಾವಣೇಲಿ ಒಂದು ಮನೆ ಹಿಂದುಗಡೆ ಔಟ್‌ಹೌಸ್‌ನಲ್ಲಿ ಇಬ್ರು ರೂಮ್ ಮಾಡ್ಕೊಂಡಿದ್ವಿ. ಆ ಮನೇನೂ ಹೀಗೇ ಇತ್ತು, ಕೆಂಪು ಗಾರೆ ನೆಲ, ಮುಂದೆ ಜಗಲಿ, ಹಿಂದೆ ಬಾವಿ, ಬಾವಿ ಪಕ್ಕ ಒಗೆಯೋ ಕಲ್ಲು. ಈಗ ಆ ಜಾಗದಲ್ಲಿ ಐದಂತಸ್ತಿನ ಪಿಜಿ ಇದೆ, ಗೇಟಿನಿಂದ ಗೋಡೆವರೆಗೂ ಸಿಮೆಂಟು, ಒಂದು ಗಿಡ ಇಲ್ಲ. ಅದೇ ಬೀದೀಲಿ ನಾನು ನೋಡ್ತಾ ನೋಡ್ತಾ ಇಂಥ ಎಷ್ಟೋ ಮನೆ ಹೋದ್ವು. ಓದೋಕೆ ಬರೋ ಮಕ್ಕಳು ಜಾಸ್ತಿ ಆಗಿದಾರೆ, ಅವರಿಗೆ ರೂಮ್ ಬೇಕು, ಮನೆಯವರಿಗೆ ಬಾಡಿಗೆ ಬೇಕು, ಅದು ನಂಗೂ ಅರ್ಥ ಆಗುತ್ತೆ. ಆದ್ರೆ ಮೈಸೂರಿನ ಬಡಾವಣೆಗಳು ಸುಮ್ನೆ ಬೆಳೆದಿದ್ದಲ್ಲ, ಪ್ಲೇಗ್ ಬಂದು ಜನ ಸತ್ತ ಮೇಲೆ ಗಾಳಿ ಬೆಳಕು ಬರಬೇಕು, ರಸ್ತೆ ಅಗಲ ಇರಬೇಕು ಅಂತ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದ ಊರು ಇದು. ಆ ಗಾಳಿ ಬೆಳಕನ್ನ ಒಂದೊಂದೇ ಸೈಟಿನಲ್ಲಿ ಮುಚ್ಕೊಂಡು ಬರ್ತಿದೀವಿ ಅನ್ನೋದು ನೋವಿನ ವಿಷಯ.

ಅದಕ್ಕೇ ಈ ಹೋಟ್ಲಿನ ಗೇಟ್ ದಾಟಿದಾಗ ಮನಸ್ಸಿಗೆ ಹಿತ ಅನ್ನಿಸ್ತು. ಮನೇನ ಕೆಡವಿಲ್ಲ. ನಡುಮನೇನೇ ಊಟದ ಹಾಲ್ ಮಾಡಿದಾರೆ, ಎರಡು ರೂಮಿನ ಮಧ್ಯದ ಬಾಗಿಲು ತೆಗೆದು ಚೌಕಟ್ಟು ಮಾತ್ರ ಬಿಟ್ಟಿದಾರೆ, ಗಾರೆ ನೆಲ ಬಿರುಕು ಬಿಟ್ಟ ಕಡೆ ಅದೇ ಬಣ್ಣದಲ್ಲಿ ಮೆತ್ತಿ ಪಾಲಿಶ್ ಹಾಕ್ಸಿದಾರೆ, ಅದರ ಮೇಲೆ ಟೈಲ್ಸ್ ಹಾಕ್ಸೋದು ಇದಕ್ಕಿಂತ ಸುಲಭ ಇತ್ತು ಅಂತ ಕೆಲಸ ಮಾಡಿಸಿದೋರಿಗೆ ಗೊತ್ತು. ಅಡುಗೆ ಮನೆ ಹಿಂದಕ್ಕೆ ಶೀಟ್ ಹಾಕಿ ಬೆಳೆಸಿದಾರೆ, ಹೊಗೆ ಎಲ್ಲ ಹಿಂದೇನೇ ಹೋಗುತ್ತೆ. ಜಗಲಿ ಮೇಲೆ ಮೇಜಿಲ್ಲ, ಚಾಪೆ ಹಾಕಿದಾರೆ, ಅಲ್ಲಿ ಕೂತು ಕಾಫಿ ಕುಡೀಬಹುದು. ಮನೆ ಯಜಮಾನರು ಮಾರೋಕೆ ಒಪ್ಪಲಿಲ್ವಂತೆ, ಬಾಡಿಗೆಗೆ ಕೊಟ್ಟಿದಾರೆ, ಮರ ಕಡೀಬಾರದು ಅಂತ ಅಗ್ರಿಮೆಂಟಲ್ಲೇ ಬರೆಸಿದಾರಂತೆ. ಇದನ್ನ ಕೇಳಿ ಅವರು ಯಾರು ಏನು ಗೊತ್ತಿಲ್ದೇನೇ ಅವರ ಮೇಲೆ ಗೌರವ ಬಂತು.

ಈಗ ತಿಂಡಿ. ಮಸಾಲೆ ದೋಸೆ 65 ರೂಪಾಯಿ, ಸೆಟ್ ದೋಸೆ 60, ಎರಡು ಇಡ್ಲಿ 40, ಕಾಫಿ 20. ದೋಸೆ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಕಾವಲಿ ಹತ್ರ ನಿಂತು ನೋಡ್ದೆ, ಒಂದೊಂದು ಸರದಿಗೂ ನೀರು ಚಿಮುಕಿಸಿ ಕಡ್ಡಿ ಪೊರಕೇಲಿ ಗುಡಿಸಿ ಆಮೇಲೇ ಹಿಟ್ಟು ಹಾಕ್ತಾರೆ, ಹಾಗಾಗಿ ಮೊದಲ ದೋಸೆಗೂ ಹತ್ತನೇ ದೋಸೆಗೂ ಬಣ್ಣ ಒಂದೇ. ಅಂಚು ಗರಿಗರಿ, ಮಧ್ಯ ಮೆತ್ತಗೆ, ಒಳಗೆ ಕೆಂಪು ಚಟ್ನಿ ಸವರಿರ್ತಾರೆ, ಅದ್ರಲ್ಲಿ ಬೆಳ್ಳುಳ್ಳಿ ಮುಂದೆ ಬರುತ್ತೆ, ಖಾರ ಹಿಂದೆ ಬರುತ್ತೆ. ಪಲ್ಯದಲ್ಲಿ ಆಲೂಗಡ್ಡೆ ಪೂರ್ತಿ ಮುದ್ದೆ ಮಾಡಿಲ್ಲ, ಹೋಳು ಸಿಗುತ್ತೆ, ಈರುಳ್ಳಿ ಬೆಂದಿರುತ್ತೆ, ಅರಿಶಿನ ಜಾಸ್ತಿ ಇಲ್ಲ. ಬೆಣ್ಣೆ ಕೇಳಿದ್ರೆ ಮಾತ್ರ ಹಾಕ್ತಾರೆ, ಅದಕ್ಕೆ 10 ರೂಪಾಯಿ ಜಾಸ್ತಿ. ಕಾಯಿ ಚಟ್ನಿ ಗಟ್ಟಿ, ನೀರು ಬಿಟ್ಕೊಂಡಿರಲ್ಲ, ಎರಡನೇ ಸಲ ಕೇಳಿದ್ರೂ ಸಪ್ಲೈಯರ್ ಮುಖ ಸಿಂಡರಿಸಲ್ಲ. ಒಂಬತ್ತೂವರೆ ಮೇಲೆ ಹೋದ್ರೆ ಹಿಟ್ಟು ಸ್ವಲ್ಪ ಹುಳಿ ಹೊಡೆಯುತ್ತೆ, ಎಂಟರ ಒಳಗೆ ಹೋಗಿ. ಇಡ್ಲಿ ಪರವಾಗಿಲ್ಲ ಅಷ್ಟೇ. ಸಾಂಬಾರಿಗೆ ಬೆಲ್ಲ ಜಾಸ್ತಿ ಬಿದ್ದಿರುತ್ತೆ, ನಂಗೆ ಹಿಡಿಸ್ಲಿಲ್ಲ. ಕಾಫಿ ಡಿಕಾಕ್ಷನ್ ಚೆನ್ನಾಗಿ ಇಳಿಸಿದಾರೆ, ಹಾಲು ಗಟ್ಟಿ ಇದೆ, ಆದ್ರೆ ಎರಡು ಸಲ ಉಗುರುಬೆಚ್ಚಗೆ ಬಂತು, ಹೇಳಿದ್ಮೇಲೆ ಬಿಸಿ ಮಾಡ್ಕೊಟ್ರು.

ಇನ್ನು ಗೋಡೆ. ಹಾಲಿನ ಗೋಡೆ ಮೇಲೆ ಹಳೇ ಮೈಸೂರಿನ ಫೋಟೋ ಫ್ರೇಮ್ ಹಾಕಿಸಿ ನೇತುಹಾಕಿದಾರೆ, ಕೆಳಗೆ ಒಂದೊಂದಕ್ಕೂ ಚೀಟಿ ಅಂಟಿಸಿದಾರೆ. ಈಗಿನ ಹೋಟ್ಲುಗಳಲ್ಲಿ ಇದು ಮಾಮೂಲು, ಆದ್ರೆ ಇಲ್ಲಿ ಹಾಕಿರೋದು ಅರಮನೆ ದಸರಾ ಅಲ್ಲ, ಈ ಬಡಾವಣೆ ಸುತ್ತಮುತ್ತದ್ದೇ, ಅದು ನಂಗೆ ತುಂಬಾ ಇಷ್ಟ ಆಯ್ತು. ದೋಸೆ ಬರೋವರೆಗೂ ಒಂದೊಂದೇ ಓದ್ತಾ ಹೋದೆ. ಮೊದಲನೇದ್ರಲ್ಲಿ "ಮಾನಸಗಂಗೋತ್ರಿ, ಸ್ಥಾಪನೆ 1916" ಅಂತಿತ್ತು. ಎರಡನೇದು ಕೆರೆ, ಅದಕ್ಕೆ "ಸರ್ ಎಂ.ವಿ. ಕಟ್ಟಿಸಿದ ಕುಕ್ಕರಹಳ್ಳಿ ಕೆರೆ" ಅಂತ. ಗಂಟಲಲ್ಲಿ ದೋಸೆ ಇಳೀಲಿಲ್ಲ ನಿಜವಾಗ್ಲೂ. ದಿನಾ ನೂರಾರು ಹುಡುಗ್ರು ಇಲ್ಲಿ ಕೂತು ಇದನ್ನ ಓದ್ತಾರೆ, ಅದೇ ನಿಜ ಅಂದ್ಕೊಂಡು ಹೋಗ್ತಾರೆ.

ಬಿಲ್ ಕೊಡೋವಾಗ ಮೆತ್ತಗೆ ಹೇಳ್ದೆ, "ಅಕ್ಕಾ, ತಪ್ಪು ತಿಳ್ಕೋಬೇಡಿ, ಆ ಎರಡು ಚೀಟಿ ಸ್ವಲ್ಪ ಬದಲಾಯಿಸ್ಬೇಕು." ಅವರು ತಕ್ಷಣ ಪೆನ್ನು ತಗೊಂಡ್ರು. "ಹೇಳಿ ಸರ್, ನಮ್ಮ ಹುಡುಗ ಎಲ್ಲಿಂದಲೋ ನೋಡಿ ಟೈಪ್ ಮಾಡ್ಸಿದ್ದು, ನಾವೂ ಗಮನಿಸ್ಲಿಲ್ಲ." ಹಿಂದೆ ಕ್ಯೂ ಇತ್ತು, ಆದ್ರೂ ಹೇಳ್ದೆ. 1916 ಅನ್ನೋದು ಮೈಸೂರು ವಿಶ್ವವಿದ್ಯಾಲಯ ಶುರುವಾದ ವರ್ಷ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, ಸರ್ ಎಂ.ವಿ. ದಿವಾನರಾಗಿದ್ದಾಗ, ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು. ಬ್ರಿಟಿಷರ ನೇರ ಆಡಳಿತ ಇಲ್ಲದ ಸಂಸ್ಥಾನವೊಂದರಲ್ಲಿ ಶುರುವಾದ ಮೊದಲನೇ ವಿಶ್ವವಿದ್ಯಾಲಯ ಇದು. ಗಂಗೋತ್ರಿ ಕ್ಯಾಂಪಸ್ ಬಂದಿದ್ದು ಅದಾಗಿ ನಲವತ್ತು ವರ್ಷಕ್ಕೂ ಮೇಲೆ, 1960ರಲ್ಲಿ, ಕುವೆಂಪು ಅವರು 1956ರಿಂದ ಕುಲಪತಿಗಳಾಗಿದ್ದಾಗ ಕಂಡ ಕನಸು ಅದು, ಆ ಹೆಸರೂ ಅವರು ಇಟ್ಟಿದ್ದೇ. ಇನ್ನು ಕೆರೆ ಸರ್ ಎಂ.ವಿ. ಹುಟ್ಟಿದ ಮೂರೇ ವರ್ಷಕ್ಕೆ ಆಗಿರೋದು, 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು, ಊರಾಚೆ ಗದ್ದೆಗಳಿಗೆ ನೀರು ಕೊಡೋಕೆ ಅಂತ. ಅಕ್ಕ ಎಲ್ಲಾನೂ ಆರ್ಡರ್ ಬರ್ಕೊಳೋ ಪುಸ್ತಕದ ಹಿಂದೆ ಬರ್ಕೊಂಡ್ರು.

ಇಷ್ಟ್ರಲ್ಲಿ ಪಕ್ಕದ ಟೇಬಲ್ಲಿನಲ್ಲಿ ಉಪ್ಪಿಟ್ಟು ತಿಂತಿದ್ದ ಒಬ್ಳು ಹುಡುಗಿ, ಜಾನಪದದಲ್ಲಿ ಪಿಎಚ್‌ಡಿ ಮಾಡ್ತಿದಾಳಂತೆ, "ಸರ್, ಹಾಗೇ ಜಯಲಕ್ಷ್ಮೀ ವಿಲಾಸದ್ದೂ ನೋಡಿ, ಅಲ್ಲಿ ಬರೀ ಅರಮನೆ ಅಂತ ಬರೆದಿದಾರೆ" ಅಂದ್ಲು. ಹೌದು, ಆ ಕಟ್ಟಡ 1905ರದ್ದು, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಗೆ ಅಂತ ಕಟ್ಟಿಸಿದ್ದು, ಆಮೇಲೆ ವಿಶ್ವವಿದ್ಯಾಲಯ ತಗೊಂಡು ಜಾನಪದ ವಸ್ತು ಸಂಗ್ರಹಾಲಯ ಮಾಡಿದ್ದು ಅಲ್ಲೇ. ಬೀಸೋಕಲ್ಲು, ಸೇರು ಪಾವು, ತೊಗಲುಗೊಂಬೆ, ಯಕ್ಷಗಾನದ ವೇಷ ಎಲ್ಲಾ ಹಳ್ಳಿ ಹಳ್ಳಿ ಸುತ್ತಿ ತಂದು ಇಟ್ಟಿದ್ದು. ಅಂಥ ಕಟ್ಟಡಕ್ಕೆ ಮಳೆ ಗಾಳೀಲಿ ಮತ್ತೆ ಮತ್ತೆ ದುರಸ್ತಿ ಬೇಕಾಗ್ತಾನೇ ಇರುತ್ತೆ, ಆ ಹುಡುಗಿ ಅದ್ರ ಬಗ್ಗೆ ಮಾತಾಡ್ತಾ ಮಾತಾಡ್ತಾ ಉಪ್ಪಿಟ್ಟು ತಣ್ಣಗಾಯ್ತು, ಸಪ್ಲೈಯರ್ ಕೇಳ್ದೇನೇ ತಗೊಂಡು ಹೋಗಿ ಬಿಸಿ ಉಪ್ಪಿಟ್ಟು ತಂದಿಟ್ಟ. ಬಿಲ್ಲಲ್ಲಿ ಅದಕ್ಕೆ ಜಾಸ್ತಿ ಹಾಕ್ಲಿಲ್ಲ. ನಾನು ಅವತ್ತೇ ತೀರ್ಮಾನ ಮಾಡ್ದೆ ಮತ್ತೆ ಬರ್ಬೇಕು ಅಂತ.

ಹತ್ತು ದಿನ ಬಿಟ್ಟು ಹೋದ್ರೆ ಮೂರೂ ಚೀಟಿ ಬದಲಾಗಿತ್ತು. ಕೈಬರಹದಲ್ಲಿ, ದುಂಡಗೆ, ಕಾಗುಣಿತ ತಪ್ಪಿಲ್ದೆ. ವಿಶ್ವವಿದ್ಯಾಲಯದ ಆಡಳಿತ ಕಚೇರಿ ಇರೋ ಕ್ರಾಫರ್ಡ್ ಹಾಲ್ ಫೋಟೋಗೂ 1947 ಅಂತ ಇಸವಿ ಸೇರ್ಸಿದ್ರು, ಅದನ್ನ ಬೇರೆ ಯಾರೋ ಹಿರಿಯರು ಹೇಳಿದ್ರಂತೆ.

ಮಧ್ಯಾಹ್ನದ ಊಟ 90 ರೂಪಾಯಿ. ಅನ್ನ, ಹುಳಿ, ತಿಳಿಸಾರು, ಒಂದು ಪಲ್ಯ, ಹಪ್ಪಳ, ಮಜ್ಜಿಗೆ, ಚಪಾತಿ ಎರಡು. ನಾನು ಹೋದ ದಿನ ಬದನೆಕಾಯಿ ಪಲ್ಯ ಇತ್ತು, ಹುರಿಗಡಲೆ ಪುಡಿ ಹಾಕಿ ಮಾಡಿದ್ರು, ಎರಡು ಸಲ ಹಾಕಿಸ್ಕೊಂಡೆ. ತಿಳಿಸಾರಿನಲ್ಲಿ ಮೆಣಸು ಜೀರಿಗೆ ಹದ ಸರಿ ಇತ್ತು, ಜ್ವರ ಬಂದೋರಿಗೆ ಕುಡಿಸ್ಬಹುದು ಅಷ್ಟು ಹಗುರ. ಚಪಾತಿ ಮಾತ್ರ ಆರಿ ಹೋಗಿತ್ತು. ಅನ್ನ ಎಷ್ಟು ಬೇಕಾದ್ರೂ ಹಾಕ್ತಾರೆ, ಇದು ಹಾಸ್ಟೆಲ್ ಹುಡುಗ್ರಿಗೆ ದೊಡ್ಡ ವಿಷಯ.

ನಂಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಸಂಜೆ ನೋಡಿದ್ದು. ನಾಲ್ಕೂವರೆಗೆ ಜಗಲಿ ಮೇಲೆ ಐದು ಜನ ಹುಡುಗ್ರು, ಮಧ್ಯೆ ನೋಟ್ಸು, ಮೂರು ಬೈಟು ಕಾಫಿ. ಆರು ಗಂಟೆಗೂ ಅಲ್ಲೇ ಇದ್ರು. ಯಾರೂ ಬಂದು "ಮುಗೀತಾ" ಅಂತ ಕೇಳ್ಲಿಲ್ಲ, ಟೇಬಲ್ ಒರೆಸೋ ನೆಪದಲ್ಲಿ ಎಬ್ಬಿಸ್ಲಿಲ್ಲ. ಒಬ್ಬ ನೀರು ಕೇಳ್ದ, ಜಗ್ಗೇ ತಂದಿಟ್ರು. ಯೂನಿವರ್ಸಿಟಿ ಪಕ್ಕ ಹೋಟ್ಲು ಮಾಡೋರು ಇದನ್ನ ತಿಳ್ಕೊಂಡಿರ್ಬೇಕು. ನಾವು ಓದ್ತಿದ್ದಾಗ ತಿಂಗಳ ಕೊನೇಲಿ ಜೇಬಲ್ಲಿ ಒಂದು ಕಾಫಿ ದುಡ್ಡು ಮಾತ್ರ ಇರ್ತಿತ್ತು, ಆ ಕಾಫಿಗೆ ಎರಡು ಗಂಟೆ ಕೂರೋಕೆ ಬಿಡ್ತಿದ್ದ ಹೋಟ್ಲು ಒಂದೇ ಒಂದಿತ್ತು, ನನ್ನ ಸೆಮಿನಾರ್ ಪೇಪರ್ ಅರ್ಧ ಅಲ್ಲೇ ಬರೆದಿದ್ದು, ಆ ಜಾಗಾನೂ ಈಗ ಮೊಬೈಲ್ ಅಂಗಡಿ. ಸುತ್ತಮುತ್ತ ಈಗ ತೆರೀತಿರೋ ಕೆಫೆಗಳಲ್ಲಿ ಕೂರೋಕೆ ಜಾಗ ಚೆನ್ನಾಗಿರುತ್ತೆ, ಆದ್ರೆ ಒಂದು ಕಾಫಿಗೆ 150, 180 ಅಂದ್ರೆ ಹಳ್ಳಿಯಿಂದ ಬಸ್ಸಲ್ಲಿ ಬಂದು ಓದೋ ಮಕ್ಕಳು ಒಳಗೆ ಹೋಗೋದು ಹೇಗೆ.

ತೊಂದರೆಗಳೂ ಇವೆ, ಹೇಳ್ಲೇಬೇಕು. ಪಾರ್ಕಿಂಗ್ ಇಲ್ಲ, ಫುಟ್‌ಪಾತ್ ಮೇಲೇ ಗಾಡಿ ನಿಲ್ಲಿಸ್ತಾರೆ, ವಯಸ್ಸಾದೋರು ಬೆಳಗ್ಗೆ ವಾಕಿಂಗ್ ಬರೋವಾಗ ರಸ್ತೆಗೆ ಇಳೀಬೇಕಾಗುತ್ತೆ. ಇದನ್ನ ಮಾಲೀಕರಿಗೆ ಹೇಳ್ದೆ, ಹಗ್ಗ ಕಟ್ತೀನಿ ಅಂದಿದಾರೆ. ಕೈ ತೊಳೆಯೋ ಸಿಂಕ್ ಒಂದೇ, ಮಧ್ಯಾಹ್ನ ಒಂದು ಗಂಟೆಗೆ ಅಲ್ಲೂ ಕ್ಯೂ. ಮಿಕ್ಸಿ ಶಬ್ದ ಹಿಂದಿನ ಮನೆಯವರಿಗೆ ಕಷ್ಟ ಆಗ್ತಿರ್ಬೇಕು. ಸಂಜೆ ಬೋಂಡಾ, ಬಜ್ಜಿ ಒಂದೇ ಎಣ್ಣೇಲಿ ತುಂಬಾ ಹೊತ್ತು ಕರೀತಾರೆ ಅನ್ಸುತ್ತೆ, ಆರರ ಮೇಲೆ ತಿಂದಿದ್ದು ಭಾರ ಆಯ್ತು. ಭಾನುವಾರ ಎಂಟೂವರೆಯಿಂದ ಹತ್ತೂವರೆವರೆಗೆ ಹೋಗ್ಲೇಬೇಡಿ, ಕೆರೆ ವಾಕಿಂಗ್ ಜನ ಪೂರ್ತಿ ಅಲ್ಲೇ ಇರ್ತಾರೆ. ಸೋಮವಾರ ರಜ.

ಇನ್ನೊಂದು ಫೋಟೋ ಇದೆ, ಗಲ್ಲಾ ಪಕ್ಕ, ಉಳಿದವಕ್ಕಿಂತ ಚಿಕ್ಕದು. ಇದೇ ಬೀದಿ ಅಂತೆ, ಎರಡೂ ಕಡೆ ಹೆಂಚಿನ ಮನೆ, ರಸ್ತೆ ಮಧ್ಯ ಸೈಕಲ್ ಹಿಡ್ಕೊಂಡು ನಾಲ್ಕು ಜನ ಹುಡುಗ್ರು, ಇಬ್ರು ಪಂಚೇಲಿ, ಇಬ್ರು ಪ್ಯಾಂಟಲ್ಲಿ. ಮನೆ ಖಾಲಿ ಮಾಡೋವಾಗ ಅಟ್ಟದ ಮೇಲೆ ಸಿಕ್ಕಿದ್ದು. ಅದರ ಕೆಳಗಿನ ಚೀಟಿ ಖಾಲಿ ಬಿಟ್ಟಿದಾರೆ. ಸರಸ್ವತಿಪುರಂನಲ್ಲಿ ಹಳಬರು ಇದ್ರೆ, ಅಥವಾ ನಿಮ್ಮ ಅಪ್ಪ ಅಮ್ಮ ಇಲ್ಲಿ ರೂಮ್ ಮಾಡ್ಕೊಂಡು ಓದಿದ್ರೆ, ಅವರನ್ನ ಒಂದ್ಸಲ ಬೆಳಗ್ಗೆ ಕರ್ಕೊಂಡು ಹೋಗಿ ತೋರ್ಸಿ. ಅಕ್ಕನ ಹತ್ರ ಪೆನ್ನು ಇದೆ, ಬರ್ಕೊಳ್ತಾರೆ.