ಮೂರು ವರ್ಷದ ಕ್ಯಾಲೆಂಡರ್ ತೂಗುಹಾಕಿದ ಸೈಬರ್ ಅಂಗಡಿ

ಆನ್‌ಲೈನ್ ಅರ್ಜಿ ತುಂಬಿಕೊಡುವ ಈ ಅಂಗಡಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೀನಿ. ಐದನೆಯದನ್ನು ಯಾಕೆ ಹಿಡಿದಿಟ್ಟುಕೊಂಡೆ ಅನ್ನೋದು ಕೊನೆಗೆ ಬರುತ್ತೆ.

ನಾನು ರಾಣೆಬೆನ್ನೂರು ಹತ್ತಿರದ ಹಳ್ಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟ ಬೋರ್‌ವೆಲ್ ಮೋಟರ್ ಬಿಚ್ಚಿ ತಾಮ್ರದ ತಂತಿ ಸುತ್ತೋದು ಗೊತ್ತು, ಕಂಪ್ಯೂಟರ್ ಮುಂದೆ ಕೂತರೆ ಕೈ ನಡುಗುತ್ತೆ. ತಂಗಿಯ ಮಗಳು ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಎರಡು ವರ್ಷದ ಐಟಿಐ ಓದಿ 2024ರಲ್ಲಿ ಪಾಸಾದಳು. ಇನ್ನು ಅಪ್ರೆಂಟಿಸ್ ಆಗಬೇಕು, ಅಂದರೆ ಯಾವುದಾದರೂ ಸಂಸ್ಥೆಯಲ್ಲಿ ಸ್ಟೈಪೆಂಡ್ ಅನ್ನೋ ತಿಂಗಳ ಭತ್ಯೆ ತಗೊಂಡು ಕೆಲಸ ಕಲೀಬೇಕು. ಅರ್ಜಿ ಯಾವಾಗ ಕರೀತಾರೆ? ಯಾರನ್ನ ಕೇಳಿದರೂ "ಕರೀತಾರೆ, ಕರೆದಾಗ ಗೊತ್ತಾಗುತ್ತೆ" ಅನ್ನೋರೇ. ಕರೆದದ್ದು ಗೊತ್ತಾಗೋದೇ ಕಷ್ಟ ಅಂತ ಯಾರೂ ಹೇಳಲಿಲ್ಲ.

2025ರ ಮೇ ತಿಂಗಳಲ್ಲಿ ಯಾವುದೋ ವಾಟ್ಸಾಪ್ ಗುಂಪಿನಿಂದ ಒಂದು ಫೋಟೋ ಬಂತು. ನೈಋತ್ಯ ರೈಲ್ವೆ, 904 ಅಪ್ರೆಂಟಿಸ್, ಕೊನೆಯ ದಿನ ಆಗಸ್ಟ್ 2. ಇನ್ನೂ ಟೈಮ್ ಐತಿ ಅಂತ ಖುಷಿಪಟ್ಟು, ಅಂಗಡಿ ಬಾಗಿಲು ಹಾಕಿ ಹುಡುಗಿಯನ್ನು ಕರಕೊಂಡು ಪೇಟೆಗೆ ಹೋದೆ. ಮೊದಲು ಹೊಕ್ಕ ಸೆಂಟರ್‌ನವರು (ಅದು ಈ ಅಂಗಡಿ ಅಲ್ಲ) ಐವತ್ತು ರೂಪಾಯಿ ಇಸಕೊಂಡು "ಸರ್ವರ್ ಇಲ್ಲ, ನಾಳೆ ಬರ್ರಿ" ಅಂದರು. ಮರುದಿನವೂ ಸರ್ವರ್ ಇರಲಿಲ್ಲ. ಬಸ್ ಚಾರ್ಜು, ಎರಡು ದಿನದ ದುಡಿಮೆ ಎರಡೂ ಹೋಯಿತು.

ಬೇಸರದಲ್ಲಿ ಚಹಾ ಕುಡಿಯೋಕೆ ನಿಂತಾಗ ಪಕ್ಕದಲ್ಲಿ ಕಂಡದ್ದು ಈ ಅಂಗಡಿ. ಹತ್ತಡಿ ಅಗಲ, ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು. ಅಂಗಡಿ ನಡೆಸುವ ಹುಡುಗ ನನ್ನ ಮೊಬೈಲನ್ನು ಒಂದು ಸಲ ನೋಡಿದ, ಅಷ್ಟೇ. "ಇದು ಈ ವರ್ಷದ್ದಲ್ರೀ ಕಾಕಾ. ಇಸವಿ ಕತ್ತರಿಸಿ ಕಳಿಸ್ಯಾರ" ಅಂದ. ಆಮೇಲೆ ಎದ್ದು ಗೋಡೆಯ ಮೊಳೆಗೆ ತೂಗುಹಾಕಿದ್ದ ಕ್ಯಾಲೆಂಡರ್ ಎತ್ತಿದ. ಅದರ ಹಿಂದೆ ಹೋದ ವರ್ಷದ್ದು, ಅದರ ಹಿಂದೆ 2023ರದ್ದು, ಒಂದು ಹಾಳೆಯನ್ನೂ ಹರಿದಿಲ್ಲ. 2023ರ ಜುಲೈ 3ಕ್ಕೆ ಕೆಂಪು ಪೆನ್ನಿನ ಸುತ್ತು, 'ರೈಲ್ವೆ ಶುರು'. ಆಗಸ್ಟ್ 2ಕ್ಕೆ ಇನ್ನೊಂದು, 'ಬಂದ್'. ನಾನು ಎರಡು ವರ್ಷ ಹಳೇ ಅರ್ಜಿ ಹಾಕೋಕೆ ಎರಡು ದಿನ ಓಡಾಡಿದ್ದೆ!

ಅವನ ಪ್ರಕಾರ ಅಪ್ರೆಂಟಿಸ್ ಅರ್ಜಿಯಲ್ಲಿ ಎರಡು ಜಾತಿ. ಒಂದಕ್ಕೆ ಬಾಗಿಲು ಯಾವಾಗಲೂ ತೆರೆದೇ ಇರುತ್ತೆ. ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸೋದಕ್ಕೆ ಕೊನೆಯ ದಿನ ಅಂತಿಲ್ಲ. ಮೂವತ್ತು ಜನಕ್ಕಿಂತ ಕಡಿಮೆ ಇಲ್ಲದ ಕಾರ್ಖಾನೆಗಳು ಕಾನೂನಿನ ಪ್ರಕಾರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಅವರು ತಮಗೆ ಬೇಕಾದಾಗ ಅಲ್ಲಿ ಜಾಗ ತೋರಿಸ್ತಾರೆ. ಮಾರ್ಚ್ ಆಗಬಹುದು, ನವೆಂಬರ್ ಆಗಬಹುದು. ಆಗಾಗ ಒಳಗೆ ಹೋಗಿ ಟ್ರೇಡ್ ಮತ್ತು ಜಿಲ್ಲೆ ಹಾಕಿ ಹುಡುಕುತ್ತಿರಬೇಕು. ಎರಡನೆಯ ಜಾತಿ ರೈಲ್ವೆಯಂಥದ್ದು. ಅಧಿಸೂಚನೆ ಬರುತ್ತೆ, ಸುಮಾರು ಒಂದು ತಿಂಗಳು ತೆರೆದಿರುತ್ತೆ, ಮುಚ್ಚುತ್ತೆ. ಎಚ್‌ಎಎಲ್‌ನಂಥ ದೊಡ್ಡ ಸಂಸ್ಥೆಗಳೂ ಮೊದಲು ಪೋರ್ಟಲ್‌ನ ನೋಂದಣಿ ಸಂಖ್ಯೆ ಕೇಳ್ತಾವೆ. ಹಾಗಾಗಿ ಪ್ರಕಟಣೆ ಬಂದ ಮೇಲೆ ನೋಂದಣಿಗೆ ಓಡುವವರು ಅರ್ಧ ದಾರಿಯಲ್ಲೇ ಉಳೀತಾರೆ.

ನನಗೆ ಹೊಸದಾಗಿ ಗೊತ್ತಾದದ್ದು ಇನ್ನೊಂದು. ಈಚಿನ ವರ್ಷಗಳಲ್ಲಿ ಐಟಿಐ ವಾರ್ಷಿಕ ಪರೀಕ್ಷೆ ನಡೆಯೋದೇ ಜುಲೈ-ಆಗಸ್ಟ್ ಸುಮಾರಿಗೆ. ರೈಲ್ವೆ ಅರ್ಜಿ ಹಾಕುವವರು ಆಗಲೇ ಪಾಸಾಗಿರಬೇಕು. ಅಂದರೆ ಜುಲೈಯಲ್ಲಿ ಕರೆದರೆ ಆ ವರ್ಷ ಪರೀಕ್ಷೆ ಬರೆಯುವ ಹುಡುಗರು ಹೊರಗೆ, ಅವರು ಮುಂದಿನ ಸಲಕ್ಕೆ ಕಾಯಬೇಕು. ನಮ್ಮ ಹುಡುಗಿ 2024ರಲ್ಲಿ ಪಾಸಾಗಿ ಕೂತಿದ್ದು ದಂಡ ಅಂತ ತಂಗಿ ಅಳ್ತಿದ್ದಳು. ದಂಡ ಅಲ್ಲ, ಸರದಿ.

ಅವತ್ತೇ ಪೋರ್ಟಲ್ ನೋಂದಣಿ ಆಯಿತು, ಆದರೆ ಸಲೀಸಾಗಿ ಅಲ್ಲ. ಆಧಾರ್‌ನಲ್ಲಿ ಅವಳ ಹೆಸರಿನ ಜೊತೆ ಅಪ್ಪನ ಹೆಸರು ಪೂರ್ತಿ ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮಾತ್ರ. ಈಗಲೇ ಸರಿ ಮಾಡಿಸಿರಿ ಅಂತ ಅಂಗಡಿಯವನು ಪಟ್ಟು ಹಿಡಿದ. ಫಾರ್ಮಿನಲ್ಲಿ ತನ್ನ ಫೋನ್ ನಂಬರ್ ಹಾಕಲಿಲ್ಲ, ಅವಳದ್ದೇ ಹಾಕಿಸಿದ. ಪಾಸ್‌ವರ್ಡ್ ಅವಳ ನೋಟ್‌ಬುಕ್‌ನಲ್ಲೇ ಬರೆಸಿದ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ವಿಚಾರಿಸಿದ. ಖಾಸಗಿ ಕಾರ್ಖಾನೆಗೆ ಸೇರಿದರೆ ಸ್ಟೈಪೆಂಡಿನಲ್ಲಿ ಸರ್ಕಾರದ ಪಾಲು ನೇರ ಖಾತೆಗೆ ಬರುತ್ತಂತೆ.

ಪೋರ್ಟಲ್‌ನಲ್ಲಿ ಅವತ್ತೇ ಒಂದು ಕಾರ್ಖಾನೆಯ ಜಾಗ ಕಂಡಿತು. ನಾನು "ಹಾಕ್ಬಿಡಪ್ಪ" ಅಂದೆ. ಅವನು ಮೌಸ್ ಬಿಟ್ಟು ಹುಡುಗಿಯ ಕಡೆ ತಿರುಗಿದ. "ತಂಗಿ, ಒಂದು ಕಡೆ ಅಪ್ರೆಂಟಿಸ್ ಮುಗಿಸಿದ ಮ್ಯಾಲೆ ರೈಲ್ವೆಯಾಗ ಮತ್ತ ಮಾಡಾಕ ಬರಂಗಿಲ್ಲ. ರೈಲ್ವೆಯಾಗ ಮುಗಿಸಿದವ್ರಿಗೆ ಲೆವೆಲ್-1, ಅಂದ್ರ ಕೆಳಗಿನ ಹಂತದ ಕಾಯಂ ನೌಕರಿ ನೇಮಕಾತಿಯೊಳಗ ನೂರಕ್ಕ ಇಪ್ಪತ್ತು ಮೀಸಲು ಐತಿ. ಯೋಚನೆ ಮಾಡಿ ಹೇಳು." ಫಾರ್ಮ್ ಒತ್ತಿದ್ದರೆ ಅವನಿಗೆ ಇನ್ನೊಂದು ಎಂಬತ್ತು ರೂಪಾಯಿ ಸಿಗ್ತಿತ್ತು. ಒತ್ತಲಿಲ್ಲ. ಹುಡುಗಿ ಕಾಯ್ತೀನಿ ಅಂದಳು. ಎರಡು ತಿಂಗಳು ನನ್ನ ಅಂಗಡಿಯಲ್ಲೇ ಕಾಯಿಲ್ ಸುತ್ತಿದಳು. ನನಗಿಂತ ಅಚ್ಚುಕಟ್ಟು, ಅದು ಬೇರೆ ಮಾತು.

ಜುಲೈ ನಡುವಿಗೆ ಅವನದ್ದೇ ಫೋನ್ ಬಂತು: "ಕಾಕಾ, ರೈಲ್ವೆ ಅರ್ಜಿ ಬಿಟ್ಟಾರ." ಕೊನೆ ವಾರದ ನೂಕುನುಗ್ಗಲು ಶುರುವಾಗೋ ಮೊದಲೇ ಹೋದ್ವಿ. ರೈಲ್ವೆಯಲ್ಲಿ ಇದಕ್ಕೆ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ಮೇಲೆ ಪಟ್ಟಿ. ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕವೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗನೊಬ್ಬ ರಾಜ್ಯದ ನಮೂನೆಯ ಜಾತಿ ಪ್ರಮಾಣಪತ್ರ ತಂದಿದ್ದ. ಒಬಿಸಿಗೆ ಕೇಂದ್ರದ ನಮೂನೆಯದೇ ಬೇಕು ಅಂತ ಅಂಗಡಿಯವನು ಅವನನ್ನು ತಹಶೀಲ್ದಾರ್ ಕಚೇರಿಗೆ ಓಡಿಸಿದ. ಬೇಗ ಬಂದಿದ್ದಕ್ಕೆ ಆ ಹುಡುಗನಿಗೆ ಓಡಾಡೋಕೆ ದಿನ ಉಳಿದಿತ್ತು.

ಪಟ್ಟಿಯಲ್ಲಿ ಹೆಸರು ಬರೋದು ಬಿಡೋದು ಅವಳ ಅಂಕದ್ದು, ಅದಕ್ಕೂ ಈ ಸ್ಟಾರ್‌ಗೂ ಸಂಬಂಧ ಇಲ್ಲ. ಫಾರ್ಮ್ ತುಂಬೋ ಅಂಗಡಿ ಓಣಿಗೆರಡು ಇವೆ. ದಿನಾಂಕ ನೆನಪಿಟ್ಟು ಫೋನ್ ಮಾಡೋ ಅಂಗಡಿ ನಾನು ಕಂಡದ್ದು ಇದೊಂದೇ.

ಈಗ ಐದನೇ ಸ್ಟಾರ್. ಮಧ್ಯಾಹ್ನ ಊಟಕ್ಕೆ ಹೋದರೆ ಮೂರೂವರೆವರೆಗೂ ಬರಲ್ಲ, ಬಾಗಿಲ ಮೇಲೆ ಒಂದು ಚೀಟಿಯೂ ಇರಲ್ಲ. ಕಾಯುವವರಿಗೆ ಒಂದೇ ಸ್ಟೂಲು. ಇವನ್ನ ಸಹಿಸಬಹುದು. ಆದರೆ ಹುಡುಗಿಯ ಸಹಿ ಅಪ್‌ಲೋಡ್ ಆಗುವಾಗ ಕರೆಂಟ್ ಹೋಯಿತು, ಯುಪಿಎಸ್ ಒಂದು ಸಲ ಕೂಗಿ ಸತ್ತಿತು. ಮತ್ತೆ ಮೊದಲಿಂದ. ಬ್ಯಾಟರಿ ಹಾಳಾಗಿ ಆರು ತಿಂಗಳಾಯಿತಂತೆ. ನಾನೇ ನೋಡ್ತೀನಿ ಕೊಡು ಅಂದೆ.

"ಊಟ ಆದ ಮ್ಯಾಲೆ ಬರ್ರಿ ಕಾಕಾ" ಅಂದು ಬಾಗಿಲು ಎಳೆದುಕೊಂಡ.