ಅಂಬಾಸಿಡರ್ ಎಂಜಿನ್ನಿನ ಟಕ್ ಟಕ್ ಸದ್ದು: ಮೆಕ್ಯಾನಿಕ್ ಸ್ಟೆತಸ್ಕೋಪ್ ಹಲವು ವರ್ಷ ಬಳಸಿದ ಮೇಲೆ

ಹಳೆಯ ಕಾರಿನ ಬಾನೆಟ್ ಕೆಳಗಿಂದ ಟಕ್ ಟಕ್ ಎಂದು ಕೇಳಿಸಿದರೆ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಎಂಜಿನ್ ಇಳಿಸಬೇಕು ಸಾರ್, ಬೇರಿಂಗ್ ಹೋಗಿದೆ." 1489 ಸಿಸಿ ಪೆಟ್ರೋಲ್ ಎಂಜಿನ್ನಿನ ನನ್ನ ಅಂಬಾಸಿಡರ್‌ಗೂ ಈ ತೀರ್ಪು ಬಂದಿತ್ತು. ಹಾಗೆ ಹೇಳಿದವರು ಕಾರಿಗೆ ಕಿವಿ ಕೊಟ್ಟಿದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಈ ಸ್ಟೆತಸ್ಕೋಪ್ ಕೊಂಡದ್ದು ಆಗಲೇ. ನೋಡಲು ಡಾಕ್ಟರ ಸ್ಟೆತಸ್ಕೋಪಿನಂತೆಯೇ ಇದೆ. ಎದೆಗೆ ಇಡುವ ಬಿಲ್ಲೆಯ ಜಾಗದಲ್ಲಿ ಗೇಣುದ್ದದ ಉಕ್ಕಿನ ಕಡ್ಡಿ.

ಇದು ಸದ್ದು ಎಲ್ಲಿಂದ ಬರುತ್ತಿದೆ ಎಂದು ಹೇಳುತ್ತದೆ, ಏಕೆ ಬರುತ್ತಿದೆ ಎಂದು ಹೇಳುವುದಿಲ್ಲ. ಅಷ್ಟು ತಿಳಿದು ಕೊಂಡರೆ ನಿರಾಸೆಯಾಗುವುದಿಲ್ಲ.

ಕಡ್ಡಿ ಹಿಡಿಯುವ ಮೊದಲು ಎರಡು ಸುಲಭ ಪರೀಕ್ಷೆಗಳಿವೆ. ಟೈಮಿಂಗ್ ಲೈಟನ್ನು (ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಮಿಂಚುವ ದೀಪ) ಒಂದನೆಯ ಪ್ಲಗ್ಗಿನ ವೈರಿಗೆ ಸಿಕ್ಕಿಸಿ. ಬೆಳಕಿನ ಪ್ರತಿ ಮಿಂಚಿಗೆ ಒಂದೇ ಟಕ್ ಎಂದರೆ ಸದ್ದು ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟಿನ ವೇಗದ್ದು, ಅಂದರೆ ಬಹುತೇಕ ವಾಲ್ವುಗಳ ಕಡೆಯದು. ಎರಡು ಎಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ್ದು, ಅಂದರೆ ಕ್ರ್ಯಾಂಕಿನದು. ಒಂದು ಪ್ಲಗ್ ಕ್ರ್ಯಾಂಕಿನ ಎರಡು ಸುತ್ತಿಗೊಮ್ಮೆ ಮಾತ್ರ ಕಿಡಿ ಕೊಡುವುದರಿಂದ ಈ ಲೆಕ್ಕ. ಇನ್ನು ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆದು ನೋಡಬೇಕು (ಕೈಗೆ ದಪ್ಪ ರಬ್ಬರ್ ಗವಸು ಇರಲಿ). ಒಂದು ಸಿಲಿಂಡರ್ ನಿಂತಾಗ ಸದ್ದು ತಗ್ಗಿದರೆ ಕನೆಕ್ಟಿಂಗ್ ರಾಡಿನ ಬೇರಿಂಗನ್ನೋ ಪಿಸ್ಟನ್ ಪಿನ್ನನ್ನೋ ಅನುಮಾನಿಸಬೇಕು. ನನ್ನ ಕಾರಿನಲ್ಲಿ ಮಿಂಚಿಗೆ ಒಂದೇ ಟಕ್ ಇತ್ತು, ವೈರ್ ತೆಗೆದರೂ ಸದ್ದು ಬದಲಾಗಲಿಲ್ಲ. ಬೇರಿಂಗ್ ಹೋದ ಕಥೆ ಅಲ್ಲಿಗೇ ಮುಗಿಯಿತು.

ಸ್ಟೆತಸ್ಕೋಪಿನ ಕೆಲಸ ಶುರುವಾಗುವುದು ಇಲ್ಲಿಂದ. ರಾಕರ್ ಕವರ್ (ವಾಲ್ವುಗಳನ್ನು ಒತ್ತುವ ರಾಕರ್ ಎಂಬ ಸನ್ನೆಗಳ ಮುಚ್ಚಳ) ಮೇಲೆ ಕಡ್ಡಿ ಇಟ್ಟರೆ ಪ್ರಯೋಜನವಿಲ್ಲ. ತೆಳು ತಗಡು, ಎಲ್ಲಿ ಮುಟ್ಟಿದರೂ ಒಂದೇ ಗಲಾಟೆ. ಕವರ್ ತೆಗೆದು, ಎಂಜಿನ್ನನ್ನು ನಿಧಾನವಾಗಿ ಓಡಲು ಬಿಟ್ಟು, ರಾಕರ್ ಶಾಫ್ಟನ್ನು ಹೊತ್ತ ಕಂಬಗಳಾದ ಪೆಡೆಸ್ಟಲ್‌ಗಳ ಮೇಲೆ ಒಂದೊಂದಾಗಿ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಆಯಿಲ್ ಸಿಡಿಯುತ್ತದೆ, ಹಳೆಯ ಅಂಗಿ ತೊಡಿ. ಪೆಟ್ರೋಲ್ ಪಂಪ್, ಡೈನಮೊ, ವಾಟರ್ ಪಂಪ್ ಎಲ್ಲವನ್ನೂ ಹೀಗೇ ಕೇಳಿ ಸಂಶಯದ ಪಟ್ಟಿಯಿಂದ ಬಿಡಬಹುದು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಹೊಗೆ ಕೊಳವೆಯ) ಗ್ಯಾಸ್ಕೆಟ್ ಸೋರಿದರೂ ಥೇಟ್ ಟ್ಯಾಪೆಟ್ (ವಾಲ್ವಿನ ಕಡೆಯ) ಸದ್ದೇ ಬರುತ್ತದೆ, ಎಂಜಿನ್ ಬಿಸಿಯಾದಂತೆ ಅಡಗುವುದೂ ಉಂಟು. ಅದನ್ನು ಹಿಡಿಯಲು ಕಡ್ಡಿಯನ್ನು ಬಿಚ್ಚಿ, ಬರೀ ರಬ್ಬರ್ ನಳಿಕೆಯ ಬಾಯನ್ನು ಜೋಡಣೆಯ ಗುಂಟ ಸ್ವಲ್ಪ ದೂರದಲ್ಲಿ ಸರಿಸಬೇಕು. ಸೋರುವಲ್ಲಿ ಪುಸ್ ಪುಸ್ ಎಂದು ನೇರ ಕಿವಿಗೇ ಹೊಡೆಯುತ್ತದೆ. ಈ ಉಪಯೋಗ ಡಬ್ಬದ ಮೇಲೆ ಎಲ್ಲೂ ಬರೆದಿಲ್ಲ, ನನ್ನ ಮಟ್ಟಿಗೆ ಅರ್ಧ ಬೆಲೆ ಇದಕ್ಕೇ ಸಂದಿತು.

ನನ್ನ ಕಾರಿನ ಸದ್ದು ಸಿಕ್ಕಿದ್ದು ಐದನೆಯ ವಾಲ್ವಿನ ಹತ್ತಿರ, ಮೂರನೆಯ ಸಿಲಿಂಡರಿನ ಎಕ್ಸಾಸ್ಟ್. ಓಡುತ್ತಿರುವ ಎಂಜಿನ್ನಿನಲ್ಲೇ ಫೀಲರ್ ಗೇಜಿನ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಸಾಧನ) ಒಂದು ಎಲೆಯನ್ನು ಆ ರಾಕರಿನ ತುದಿಗೂ ವಾಲ್ವಿಗೂ ನಡುವೆ ತೂರಿಸಿದೆ, ಸದ್ದು ನಿಂತಿತು. ಅಂದರೆ ಅಲ್ಲಿನ ಸಂದು ಹೆಚ್ಚಾಗಿದೆ. ನಾಲ್ಕನೆಯ ವಾಲ್ವ್ ಪೂರ್ತಿ ತೆರೆದಿರುವಾಗ ಐದನೆಯದನ್ನು ಹೊಂದಿಸಬೇಕು (ಎರಡೂ ಸಂಖ್ಯೆ ಕೂಡಿ ಒಂಬತ್ತಾಗಬೇಕು). ಬಿಸಿ ಎಂಜಿನ್ನಿನಲ್ಲಿ 0.015 ಇಂಚು, ಅಂದರೆ ಸುಮಾರು 0.38 ಮಿಲಿಮೀಟರ್ ಸಂದು ಬಿಟ್ಟು ನಟ್ ಬಿಗಿದರೂ ಟಕ್ ಟಕ್ ಹಾಗೆಯೇ ಇತ್ತು.

ಹಳೆಯ ಅಂಬಾಸಿಡರ್ ಇಟ್ಟುಕೊಂಡವರು ಗಮನಿಸಬೇಕಾದದ್ದು ಇದನ್ನೇ. ರಾಕರಿನ ಮೂತಿ ವಾಲ್ವಿನ ತುದಿಗೆ ಬಡಿದು ಬಡಿದು ಸವೆದು ನಡುವೆ ಗುಳಿ ಬಿದ್ದಿರುತ್ತದೆ. ಗೇಜಿನ ಎಲೆ ಆ ಗುಳಿಯ ಎರಡೂ ಅಂಚುಗಳ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ಒಳಗಿನ ಆಳ ಅದಕ್ಕೆ ತಿಳಿಯುವುದಿಲ್ಲ. ಗೇಜ್ 0.015 ಇಂಚು ಎಂದರೂ ನಿಜವಾದ ಸಂದು ಅದಕ್ಕಿಂತ ಹೆಚ್ಚು. ಸದ್ದು ಅಡಗಲಿ ಎಂದು ಸ್ಕ್ರೂ ಇನ್ನಷ್ಟು ಬಿಗಿಯುವ ಮೆಕ್ಯಾನಿಕ್‌ಗಳಿದ್ದಾರೆ, ಹಾಗೆ ಮಾಡಲು ಬಿಡಬೇಡಿ. ಸಂದು ಸಾಲದೆ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಅದು ಸುಟ್ಟು ಹೋಗುತ್ತದೆ, ಅದೂ ಸದ್ದಿಲ್ಲದೆ.

ರಾಕರ್ ಬದಲಿಸಿದೆವು. ಶಾಫ್ಟ್ ಬಿಚ್ಚುವಾಗ ಒಂದು ಎಚ್ಚರಿಕೆ: ಪೆಡೆಸ್ಟಲ್‌ಗಳ ಕೆಲವು ನಟ್‌ಗಳು ಸಿಲಿಂಡರ್ ಹೆಡ್ಡಿನ ನಟ್‌ಗಳೂ ಹೌದು. ರೇಡಿಯೇಟರ್ ನೀರು ಇಳಿಸಿ, ಹೆಡ್ಡಿನ ಎಲ್ಲ ನಟ್‌ಗಳನ್ನೂ ಸ್ವಲ್ಪ ಸ್ವಲ್ಪವಾಗಿ ಕ್ರಮದಲ್ಲಿ ಸಡಿಲಿಸದಿದ್ದರೆ ಹೆಡ್ ಸೊಟ್ಟಾಗುವ ಅಪಾಯವಿದೆ. ಈಗ ಉಳಿದಿರುವುದು ಹೊಲಿಗೆ ಯಂತ್ರದಂಥ ಮೆಲು ಸದ್ದು. ಈ ಎಂಜಿನ್ನಿಗೆ ಅದು ಇರಬೇಕಾದದ್ದೇ.

ಉಪಕರಣದ ದೋಷಗಳೂ ಇವೆ. ಕಿವಿಗೆ ಹಾಕುವ ರಬ್ಬರ್ ತುದಿಗಳು ಗಟ್ಟಿಯಾಗಿ ನೋಯಿಸತೊಡಗಿದವು, ಔಷಧದ ಅಂಗಡಿಯಲ್ಲಿ ಸಿಗುವ ಮಾಮೂಲಿ ತುದಿಗಳು ಅದಕ್ಕೆ ಹೊಂದಿದವು. ಕಡ್ಡಿಯ ತಿರುಪಿನ ಮರೆ ಸಡಿಲವಾಗಿ ತಾನೇ ಕಿಟಕಿಟ ಎನ್ನುತ್ತಿತ್ತು, ಟೆಫ್ಲಾನ್ ಟೇಪ್ ಸುತ್ತಿದ್ದೇನೆ. ನಳಿಕೆ ತೀರಾ ಗಿಡ್ಡ, ಫ್ಯಾನಿನ ಹತ್ತಿರಕ್ಕೆ ತಲೆ ಒಯ್ಯಬೇಕಾಗುತ್ತದೆ. ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಕೇಳುವ ಹಳಬರಿಗೆ ಇದರ ಅಗತ್ಯವಿಲ್ಲ. ಉಳಿದವರು ಕೊಳ್ಳುವಾಗ ನಳಿಕೆ ಉದ್ದವಾಗಿರುವ, ಕಡ್ಡಿ ಬಿಚ್ಚಲು ಬರುವ ಮಾದರಿಯನ್ನೇ ಆರಿಸಿ, ಜೊತೆಗೆ ಒಳ್ಳೆಯ ಫೀಲರ್ ಗೇಜ್ ಒಂದನ್ನೂ ತನ್ನಿ.